ಗುಜ್ಜೆ, ಬಲಿತ ಸೊಳೆ, ಹಣ್ಣು, ಬೀಜ: ಹಲಸನ್ನು ಹದವರಿತು ತಿನ್ನುವ ಕ್ರಮ

ಹಲಸಿನ ಆರೋಗ್ಯ ಲಾಭಗಳನ್ನು ಕುರಿತು ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿರುತ್ತದೆ. ಅದು ಯಾವ ಹದದ ಹಲಸು ಎಂಬುದು. ಸಂಕ್ರಾಂತಿಯ ಆಸುಪಾಸಿನಲ್ಲಿ ಮಂಗಳೂರಿನ ತರಕಾರಿ ಅಂಗಡಿಗಳಿಗೆ ಬರುವ ಗುಜ್ಜೆ ಎಂಬ ಎಳೆಯ ಹಲಸಿನ ಕಾಯಿ, ತುಳುವರ ಪಗ್ಗು ತಿಂಗಳಲ್ಲಿ (ಏಪ್ರಿಲ್-ಮೇ) ಹಪ್ಪಳಕ್ಕೆಂದು ಇಳಿಸುವ ಬಲಿತ ಕಾಯಿ, ಬೇಶ ಮತ್ತು ಕಾರ್ತೆಲ್ ತಿಂಗಳುಗಳಲ್ಲಿ (ಮೇ-ಜುಲೈ) ಮನೆ ತುಂಬ ಪರಿಮಳ ಹರಡುವ ಹಣ್ಣು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸೌತೆಕಾಯಿಯ ಹುಳಿಗೆ ಬೀಳುವ ಬೀಜ, ಇವೆಲ್ಲ ಒಂದೇ ಮರದಿಂದ ಬಂದರೂ ದೇಹದ ಲೆಕ್ಕದಲ್ಲಿ ನಾಲ್ಕು ಬೇರೆ ಬೇರೆ ಆಹಾರಗಳು. ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚುವುದರಿಂದಲೇ 'ಸಕ್ಕರೆ ಕಾಯಿಲೆಗೆ ಹಲಸು ಒಳ್ಳೆಯದು' ಎಂಬ ಮಾತನ್ನು ನಂಬಿ ಹಣ್ಣನ್ನೇ ಬಟ್ಟಲು ತುಂಬ ತಿನ್ನುವವರೂ, 'ಹಲಸು ವಾಯು' ಎಂದು ಗುಜ್ಜೆಯನ್ನೂ ಮುಟ್ಟದವರೂ ನಮ್ಮಲ್ಲಿ ಕಾಣಸಿಗುತ್ತಾರೆ. ಯಾವ ಹದದಲ್ಲಿ ಏನಿದೆ, ಅದನ್ನು ಹೇಗೆ ಆರಿಸಬೇಕು, ಹೇಗೆ ಬೇಯಿಸಬೇಕು, ಎಷ್ಟು ತಿನ್ನಬೇಕು ಎಂಬುದನ್ನು ದಕ್ಷಿಣ ಕನ್ನಡ ಮತ್ತು ಉಡುಪಿಯ ಅಡುಗೆಮನೆಗಳನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹೆಜ್ಜೆ 1: ಅಂಕಿಗಳನ್ನು ಮೊದಲು ತಿಳಿದುಕೊಳ್ಳಿ

ನೂರು ಗ್ರಾಂ ಎಳೆಯ ಗುಜ್ಜೆಯಲ್ಲಿ ಸುಮಾರು 50 ಕಿಲೋಕ್ಯಾಲರಿ ಶಕ್ತಿಯೂ ಎರಡೂವರೆ ಗ್ರಾಂನಷ್ಟು ಪ್ರೋಟೀನೂ ಇರುತ್ತವೆ. ಉಳಿದಂತೆ ಅದರಲ್ಲಿ ಹೆಚ್ಚಿನ ಪಾಲು ನೀರು ಮತ್ತು ನಾರು. ಅಷ್ಟೇ ತೂಕದ ಹಣ್ಣಿನ ಸೊಳೆಯಲ್ಲಿ ಶಕ್ತಿ 90ರಿಂದ 95 ಕಿಲೋಕ್ಯಾಲರಿಗೆ ಏರುತ್ತದೆ, ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) 20ರಿಂದ 23 ಗ್ರಾಂ ಆಗುತ್ತದೆ, ಅದರಲ್ಲಿ 19 ಗ್ರಾಂನಷ್ಟು ನೇರವಾಗಿ ಸಕ್ಕರೆಯೇ ಆಗಿರುತ್ತದೆ. ಪ್ರೋಟೀನ್ ಮಾತ್ರ ಎರಡು ಗ್ರಾಂಗಿಂತ ಕೆಳಗೆ ಇಳಿಯುತ್ತದೆ. ಬೀಜದಲ್ಲಿ ಸುಮಾರು 130 ಕಿಲೋಕ್ಯಾಲರಿ ಇದ್ದು, ಪ್ರೋಟೀನ್ ಆರೂವರೆ ಗ್ರಾಂಗೆ ಹತ್ತಿರವಾಗುತ್ತದೆ. ಕಾಯಿ ಬಲಿತು ಹಣ್ಣಾಗುವಾಗ ಸೊಳೆಯೊಳಗಿನ ಪಿಷ್ಟ ಸಕ್ಕರೆಯಾಗಿ ಒಡೆಯುವುದೇ ಈ ವ್ಯತ್ಯಾಸದ ಮೂಲ ಕಾರಣ. ಬಲಿತ ಕಾಯಿಸೊಳೆಯನ್ನು ಅಗಿದರೆ ಸಪ್ಪೆಯಾಗಿ ಹಿಟ್ಟುಹಿಟ್ಟಾಗಿ ಇರುವುದೂ, ವಾರದ ಬಳಿಕ ಅದೇ ಸೊಳೆ ಜೇನಿನಂತೆ ಸಿಹಿಯಾಗುವುದೂ ಇದರಿಂದಲೇ.

ಹಣ್ಣಿನ ನಿಜವಾದ ಬಲ ಪೊಟ್ಯಾಸಿಯಂನಲ್ಲಿದೆ. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 448 ಮಿಲಿಗ್ರಾಂ ಪೊಟ್ಯಾಸಿಯಂ ಇದೆ; ಈ ವಿಷಯದಲ್ಲಿ ಹೆಸರು ಮಾಡಿದ ಬಾಳೆಹಣ್ಣಿನಲ್ಲಿ ಇರುವುದು ಸುಮಾರು 358 ಮಿಲಿಗ್ರಾಂ. ಸೋಡಿಯಂ ಹಲಸಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳ ಮೂಲಕ ಉಪ್ಪು ಧಾರಾಳವಾಗಿ ಹೊಟ್ಟೆ ಸೇರುವ ನಮ್ಮ ಕರಾವಳಿಯ ಊಟದಲ್ಲಿ, ಮೂತ್ರಪಿಂಡ ಸರಿಯಾಗಿರುವವರಿಗೆ, ರಕ್ತದೊತ್ತಡದ ದೃಷ್ಟಿಯಿಂದ ಇದು ಉಪಯುಕ್ತ ಗುಣ. ಬಿ6 ಜೀವಸತ್ವವೂ ಬಾಳೆಹಣ್ಣಿಗೆ ಸಮೀಪದ ಪ್ರಮಾಣದಲ್ಲಿದೆ, ಮೆಗ್ನೀಸಿಯಂ ಸುಮಾರು 29 ಮಿಲಿಗ್ರಾಂ ಇದೆ. ಸೊಳೆಯ ಹಳದಿ ಬಣ್ಣ ಕ್ಯಾರೊಟಿನಾಯ್ಡ್‌ಗಳೆಂಬ ವರ್ಣದ್ರವ್ಯಗಳಿಂದ ಬರುತ್ತದೆ. ಬಣ್ಣ ಗಾಢವಾದಷ್ಟೂ ಅವು ಹೆಚ್ಚು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತುಮಕೂರು ಜಿಲ್ಲೆಯ ಚೇಳೂರಿನಿಂದ ಗುರುತಿಸಿ ಪ್ರಚಾರಕ್ಕೆ ತಂದ, ತಾಮ್ರದ ಬಣ್ಣದ ಸೊಳೆಯ 'ಸಿದ್ದು' ತಳಿಗೆ ಬೇಡಿಕೆ ಬಂದುದಕ್ಕೆ ಇದೂ ಒಂದು ಕಾರಣ.

ಇಲ್ಲದ ಗುಣಗಳನ್ನೂ ಹೇಳಬೇಕು. ಹಲಸಿನ ಹಣ್ಣು 'ಸಿ' ಜೀವಸತ್ವದ ಭಂಡಾರ ಎನ್ನುವುದು ಉತ್ಪ್ರೇಕ್ಷೆ: ನೂರು ಗ್ರಾಂನಲ್ಲಿ ಇರುವುದು ಸುಮಾರು 14 ಮಿಲಿಗ್ರಾಂ ಮಾತ್ರ. ಹಿತ್ತಲಿನ ಪಪ್ಪಾಯಿಯಲ್ಲಿ ಅದರ ನಾಲ್ಕು ಪಾಲು, ಪೇರಳೆಯಲ್ಲಿ ಹದಿನೈದು ಪಾಲಿಗೂ ಮಿಕ್ಕಿ ಇದೆ. 'ರಕ್ತಹೀನತೆಗೆ ಹಲಸಿನ ಹಣ್ಣು' ಎಂಬ ಸಲಹೆಯಂತೂ ನಿಲ್ಲುವುದೇ ಇಲ್ಲ. ನೂರು ಗ್ರಾಂ ಹಣ್ಣಿನಲ್ಲಿ ಕಬ್ಬಿಣದ ಅಂಶ ಅರ್ಧ ಮಿಲಿಗ್ರಾಂ ಕೂಡ ದಾಟುವುದಿಲ್ಲ, ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದುದು 29 ಮಿಲಿಗ್ರಾಂ. ಹರಿವೆ ಸೊಪ್ಪು, ಹುರುಳಿ, ಬಸಳೆಗಳ ಕೆಲಸವನ್ನು ಹಲಸಿನ ಹಣ್ಣಿಗೆ ಒಪ್ಪಿಸಬಾರದು.

ಹೆಜ್ಜೆ 2: ಕಾಯಿಯನ್ನು ಆರಿಸುವುದು ಮತ್ತು ಕೊರೆಯುವುದು

ಗುಜ್ಜೆ ಕೊಳ್ಳುವಾಗ ಮುಳ್ಳುಗಳು ಒತ್ತೊತ್ತಾಗಿ, ಹಸಿರಾಗಿ ಇರುವ, ಒಂದೆರಡು ಕಿಲೋ ಮೀರದ ಕಾಯಿಯನ್ನು ಆರಿಸಬೇಕು. ಕತ್ತರಿಸಿದಾಗ ಬೀಜದ ಮೇಲಿನ ಬಿಳಿ ಸಿಪ್ಪೆ ಇನ್ನೂ ಗಟ್ಟಿಯಾಗಿರಬಾರದು. ಚೂರಿ ಬೀಜ ಸಹಿತ ನಯವಾಗಿ ಹಾದುಹೋಗಬೇಕು. ಬಲಿತ ಕಾಯಿಯ ಗುರುತು ಬೇರೆ: ಮುಳ್ಳುಗಳ ನಡುವೆ ಅಂತರ ಬಂದು ಅವು ಚಪ್ಪಟೆಯಾಗುತ್ತವೆ, ತೊಟ್ಟಿನ ಬಳಿಯ ಎಲೆ ಹಳದಿಗೆ ತಿರುಗುತ್ತದೆ, ಬೆರಳ ಗಂಟಿನಿಂದ ತಟ್ಟಿದರೆ ಟೊಳ್ಳಾದ ಸದ್ದು ಬರುತ್ತದೆ. ಅದೇ ಹದದಲ್ಲಿ ಇಳಿಸಿ ನೆರಳಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಹಣ್ಣಾಗುತ್ತದೆ. ಮರದಿಂದ ಇಳಿಸುವಾಗ ಹಗ್ಗ ಕಟ್ಟಿ ಇಳಿಸುವುದು ಕೇವಲ ನಾಜೂಕಿನ ವಿಷಯವಲ್ಲ. ನೆಲಕ್ಕೆ ಬಿದ್ದು ಒಳಗೆ ಜಜ್ಜಿದ ಕಾಯಿ ಹಣ್ಣಾಗುವ ಬದಲು ಆ ಭಾಗದಿಂದ ಕೊಳೆಯಲು ಆರಂಭಿಸುತ್ತದೆ.

ಕೊರೆಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಬೇಕು. ಕಾಯನ್ನು ಅಡ್ಡಲಾಗಿ ಕಡಿದಾಗ ಜಿನುಗುವ ಮಯಣವನ್ನು, ಅಂದರೆ ಅಂಟನ್ನು, ಒಂದು ಕಡ್ಡಿಗೆ ಸುತ್ತಿ ತೆಗೆದು, ನಡುವಿನ ಗೂಂಜನ್ನು ಕೆತ್ತಿ ಬಿಟ್ಟರೆ ಸೊಳೆಗಳು ಸುಲಭವಾಗಿ ಬಿಡಿಸಿ ಬರುತ್ತವೆ. ಅಂಟನ್ನು ಸೀಮೆಎಣ್ಣೆಯಿಂದ ಒರೆಸುವ ಅಭ್ಯಾಸ ಕೆಲವೆಡೆ ಇದೆ; ಆಹಾರ ಕತ್ತರಿಸುವ ಮೆಟ್ಟುಕತ್ತಿಗೆ ಅದು ಸಲ್ಲ, ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯೇ ಸಾಕು.

ಹೆಜ್ಜೆ 3: ಗುಜ್ಜೆಯನ್ನು ತರಕಾರಿಯಾಗಿ ಬಳಸುವುದು

ತೂಕ ಇಳಿಸಬೇಕೆನ್ನುವವರಿಗೂ ಮಧುಮೇಹ ಇರುವವರಿಗೂ ಹಲಸಿನ ನಾಲ್ಕು ಹದಗಳಲ್ಲಿ ಹೆಚ್ಚು ಯೋಚಿಸದೆ ತಿನ್ನಬಹುದಾದುದು ಇದೊಂದೇ. ಹೋಳುಗಳು ಕಪ್ಪಾಗದಂತೆ ಕತ್ತರಿಸಿದ ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ, ಅರಸಿನ ಮತ್ತು ಸ್ವಲ್ಪ ಉಪ್ಪಿನೊಂದಿಗೆ ಬೇಯಿಸಿದರೆ ಗುಜ್ಜೆ ಯಾವ ಮಸಾಲೆಯನ್ನಾದರೂ ಹೀರಿಕೊಳ್ಳುತ್ತದೆ. ಆದರೆ ಈ ಗುಣವೇ ಅದರ ಅಪಾಯವೂ ಹೌದು. ಈಗ ಹೋಟೆಲುಗಳಲ್ಲಿ ಸಿಗುವ ಗುಜ್ಜೆ ಕಬಾಬಿನಲ್ಲಿ ಅದು ಹೀರಿಕೊಳ್ಳುವುದು ಮಸಾಲೆಯನ್ನು ಮಾತ್ರವಲ್ಲ, ಕರಿದ ಎಣ್ಣೆಯನ್ನೂ. 'ಸಸ್ಯಾಹಾರಿಗಳ ಮಾಂಸ' ಎಂಬ ಬಿರುದೂ ದಾರಿ ತಪ್ಪಿಸುವಂಥದ್ದು. ಎಳೆ ಎಳೆಯಾಗಿ ಬಿಡುವ ರಚನೆ ಮಾಂಸದಂತಿದ್ದರೂ, ನೂರು ಗ್ರಾಂ ಕೋಳಿಮಾಂಸದಲ್ಲಿ ಇಪ್ಪತ್ತು ಗ್ರಾಂಗೂ ಮಿಕ್ಕಿ ಪ್ರೋಟೀನ್ ಇರುವಲ್ಲಿ ಗುಜ್ಜೆಯಲ್ಲಿ ಇರುವುದು ಎರಡೂವರೆ ಗ್ರಾಂ.

ಈ ಕೊರತೆಯನ್ನು ತುಂಬುವ ಉಪಾಯ ನಮ್ಮ ಅಡುಗೆಯಲ್ಲಿ ಮೊದಲೇ ಇದೆ: ಗುಜ್ಜೆ ಮತ್ತು ಕಡ್ಲೆಯ ಗಸಿ. ಹಿಂದಿನ ರಾತ್ರಿ ನೆನೆಹಾಕಿದ ಕಪ್ಪು ಕಡ್ಲೆಯನ್ನು ಪ್ರತ್ಯೇಕ ಬೇಯಿಸಿ, ಬೆಂದ ಗುಜ್ಜೆಯ ಹೋಳಿಗೆ ಸೇರಿಸಿ, ತೆಂಗಿನಕಾಯಿ, ಕೊತ್ತಂಬರಿ, ಬ್ಯಾಡಗಿ ಮೆಣಸು, ಜೀರಿಗೆಗಳ ಮಸಾಲೆ ರುಬ್ಬಿ ಹಾಕುವ ಈ ಗಸಿಯಲ್ಲಿ ನಾರು ಮತ್ತು ಪ್ರೋಟೀನ್ ಎರಡೂ ಒಟ್ಟಿಗೆ ಸಿಗುತ್ತವೆ. ತೆಂಗಿನಕಾಯಿಯನ್ನು ಎಂದಿಗಿಂತ ಅರ್ಧಕ್ಕೆ ಇಳಿಸಿದರೂ ಗುಜ್ಜೆಯ ಗಸಿ ರುಚಿ ಕೆಡುವುದಿಲ್ಲ.

ಹೆಜ್ಜೆ 4: ಬಲಿತ ಕಾಯಿಸೊಳೆಯನ್ನು ಅನ್ನದ ಬದಲಿಗೆ ತಿನ್ನುವುದು

ಹಲಸು ಮತ್ತು ಮಧುಮೇಹದ ಚರ್ಚೆಯೆಲ್ಲ ಸುತ್ತುವುದು ಈ ಹದದ ಸುತ್ತಲೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಕೇರಳ ಸರಕಾರ 2018ರ ಮಾರ್ಚ್ 21ರಂದು ಹಲಸನ್ನು ರಾಜ್ಯದ ಅಧಿಕೃತ ಫಲವೆಂದು ಘೋಷಿಸಿತು. ಅದರ ಮೊದಲೂ ಅನಂತರವೂ ಗಡಿಯ ಎರಡು ಬದಿಗಳಲ್ಲಿ ಹಲಸಿನ ಕಾಯಿಯ ಹಿಟ್ಟಿನ ಬಗ್ಗೆ ಆಸಕ್ತಿ ಬೆಳೆಯುತ್ತಲೇ ಬಂದಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಂಧ್ರಪ್ರದೇಶದ ಶ್ರೀಕಾಕುಳಂನ ವೈದ್ಯರು, ಎರಡನೆಯ ಬಗೆಯ ಮಧುಮೇಹವಿದ್ದ 40 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ 12 ವಾರಗಳ ಕಾಲ ದಿನಕ್ಕೆ 30 ಗ್ರಾಂ ಹಲಸಿನ ಕಾಯಿಯ ಹಿಟ್ಟನ್ನು ನೀಡಿದರು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಆ ಗುಂಪಿನ ಫಲಿತಾಂಶ ಇನ್ನೊಂದು ಗುಂಪಿಗಿಂತ ಉತ್ತಮವಾಗಿತ್ತು.

ಈ ಸುದ್ದಿ ಹಬ್ಬುವಾಗ ಎರಡು ಮಾತುಗಳು ಉದುರಿಹೋದವು. ಮೊದಲನೆಯದು, ಅವರು ಕೊಟ್ಟದ್ದು ಕಾಯಿಯ ಹಿಟ್ಟು, ಹಣ್ಣಲ್ಲ. ಎರಡನೆಯದು, ಆ ಹಿಟ್ಟನ್ನು ಅಕ್ಕಿ ಅಥವಾ ಗೋಧಿಯ ಅಷ್ಟೇ ಪ್ರಮಾಣಕ್ಕೆ ಬದಲಾಗಿ ಕೊಡಲಾಗಿತ್ತು. ಊಟದ ಮೇಲೆ ಹೆಚ್ಚುವರಿಯಾಗಿ ಅಲ್ಲ. ನಲವತ್ತು ಮಂದಿಯ ಒಂದು ಅಧ್ಯಯನದ ಮೇಲೆ ಔಷಧ ನಿಲ್ಲಿಸುವಂಥ ನಿರ್ಧಾರಕ್ಕೆ ಬರುವುದೂ ಸರಿಯಲ್ಲ. ನನ್ನ ದೃಷ್ಟಿಯಲ್ಲಿ ಇದರಿಂದ ತೆಗೆದುಕೊಳ್ಳಬಹುದಾದ ಪಾಠ ಸರಳವಾದುದು: ಅನ್ನ ಹೆಚ್ಚು ತಿನ್ನುವ ಊರಿನಲ್ಲಿ ಅನ್ನದ ಒಂದು ಪಾಲನ್ನು ನಾರು ಹೆಚ್ಚಿರುವ ಕಾಯಿಸೊಳೆಗೆ ಬಿಟ್ಟುಕೊಟ್ಟರೆ ಪ್ರಯೋಜನವಿದೆ, ಅನ್ನವನ್ನು ಹಾಗೆಯೇ ಇಟ್ಟು ಅದರ ಮೇಲೆ ಸೊಳೆಯ ಪಲ್ಯ ಬಡಿಸಿಕೊಂಡರೆ ಇಲ್ಲ. ಬಲಿತ ಸೊಳೆಯಲ್ಲಿಯೂ ಪಿಷ್ಟ ಧಾರಾಳವಾಗಿಯೇ ಇದೆ ಎಂಬುದನ್ನು ಮರೆಯಬಾರದು.

ಆಚರಣೆಗೆ ತರುವ ಕ್ರಮ ಹೀಗಿದೆ. ಮಧ್ಯಾಹ್ನ ಎರಡು ಸೌಟು ಕುಚ್ಚಲಕ್ಕಿ ಅನ್ನ ಉಣ್ಣುವವರು ಅದನ್ನು ಒಂದು ಸೌಟಿಗೆ ಇಳಿಸಿ, ಆ ಜಾಗಕ್ಕೆ ಬೇಯಿಸಿದ ಕಾಯಿಸೊಳೆಯ ಪಲ್ಯವನ್ನು ಒಂದು ಬಟ್ಟಲು ತೆಗೆದುಕೊಳ್ಳಬೇಕು. ಸೊಳೆಗಳನ್ನು ಉದ್ದುದ್ದಕ್ಕೆ ಸೀಳಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಬೇಯಿಸಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ಮೆತ್ತಗಾಗುತ್ತವೆ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಸಾಕು. ದೋಸೆಗೆ ಬಳಸುವುದಾದರೆ ನೆನೆದ ಅಕ್ಕಿಯನ್ನು ಮೂರರಲ್ಲೊಂದು ಪಾಲು ಕಡಿಮೆ ಮಾಡಿ ಆ ಪ್ರಮಾಣದ ಹಸಿ ಸೊಳೆಯನ್ನು ಸೇರಿಸಿ ರುಬ್ಬಬಹುದು. ಇದಕ್ಕೆ ಹುದುಗು ಬರಿಸುವ ಅಗತ್ಯವಿಲ್ಲ, ರುಬ್ಬಿದ ಕೂಡಲೇ ತೆಳುವಾಗಿ ಹುಯ್ಯಬಹುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಗೇ ಕಡಿತ ಮಾಡಿದರೆ ಸಕ್ಕರೆ ಏಕಾಏಕಿ ಕುಸಿಯುವ ಸಾಧ್ಯತೆ ಇರುವುದರಿಂದ, ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ, ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ಅನಂತರ ರಕ್ತಪರೀಕ್ಷೆ ಮಾಡಿಕೊಳ್ಳುತ್ತ ನಿಧಾನವಾಗಿ ಮುಂದುವರಿಯಬೇಕು.

ಹೆಜ್ಜೆ 5: ಹಣ್ಣನ್ನು ಯಾವಾಗ, ಎಷ್ಟು ತಿನ್ನಬೇಕು

'ಹಸಿದು ಹಲಸು, ಉಂಡು ಮಾವು' ಎಂಬ ಗಾದೆಯನ್ನು ಎಲ್ಲರೂ ಬಲ್ಲರು, ಪಾಲಿಸುವವರು ಕಡಿಮೆ. ಪೋಷಣೆಯ ಲೆಕ್ಕದಲ್ಲಿ ಅದು ಅಚ್ಚುಕಟ್ಟಾದ ಸಲಹೆ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕಿಲೋಕ್ಯಾಲರಿ, ಅಷ್ಟೇ ಹಲಸಿನ ಹಣ್ಣಿನಲ್ಲಿ ಸುಮಾರು 95. ಅಂದರೆ ಹಲಸು ಊಟದ ಕೊನೆಗೆ ಬಾಯಿ ಸಿಹಿ ಮಾಡಿಕೊಳ್ಳುವ ಹಣ್ಣಲ್ಲ, ಊಟದ ಜಾಗವನ್ನೇ ತುಂಬಬಲ್ಲ ಆಹಾರ. ಹೊಟ್ಟೆ ತುಂಬ ಉಂಡು ಅದರ ಮೇಲೆ ಹತ್ತು ಸೊಳೆ ತಿಂದರೆ ಹೊಟ್ಟೆ ಉಬ್ಬರಿಸುವುದು ಸಹಜ. ಅದರ ಅಪವಾದ ಮಾತ್ರ ಹಲಸಿಗೆ ಬರುತ್ತದೆ.

ಆರೋಗ್ಯವಾಗಿರುವ ವಯಸ್ಕರಿಗೆ ಒಂದು ಹೊತ್ತಿಗೆ ನಾಲ್ಕೈದು ಮಧ್ಯಮ ಗಾತ್ರದ ಸೊಳೆಗಳು, ಅಂದರೆ ಬೀಜ ಬಿಟ್ಟು ಸುಮಾರು ನೂರು ಗ್ರಾಂ, ಹಿತವಾದ ಪ್ರಮಾಣ. ಬೆಳಗ್ಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದ ನಡುವೆ, ಅಥವಾ ಸಂಜೆಯ ಕರಿದ ತಿಂಡಿಯ ಬದಲಿಗೆ ಇದನ್ನು ತಿನ್ನಬಹುದು. ಮಧುಮೇಹ ಹತೋಟಿಯಲ್ಲಿರುವವರು ಎರಡು ಸೊಳೆಗೆ ನಿಲ್ಲಿಸಿ, ಜೊತೆಗೆ ಒಂದು ಹಿಡಿ ನೆಲಗಡಲೆಯನ್ನೋ ಬೇಯಿಸಿದ ಹಲಸಿನ ಬೀಜವನ್ನೋ ತಿಂದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ; ಬೀಜ ತಿಂದ ದಿನ ಅದರ ಪಿಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತೋಟಿಯಲ್ಲಿ ಇಲ್ಲದವರು ಹಣ್ಣನ್ನು ಸದ್ಯಕ್ಕೆ ಬಿಡುವುದೇ ಲೇಸು. ನೂರು ಗ್ರಾಂನಲ್ಲಿರುವ 19 ಗ್ರಾಂ ಸಕ್ಕರೆ ಎಂದರೆ ನಾಲ್ಕು ಟೀಚಮಚಕ್ಕಿಂತ ತುಸು ಹೆಚ್ಚೇ ಆಯಿತು.

ಬಕ್ಕೆ ಮತ್ತು ತುಳುವ ಹಲಸುಗಳ ನಡುವಿನ ಆಯ್ಕೆಯೂ ಇಲ್ಲಿ ಪ್ರಸ್ತುತ. ಬಕ್ಕೆಯ ಸೊಳೆ ಗಟ್ಟಿ. ಅಗಿಯಬೇಕಾಗುತ್ತದೆ, ಎಣಿಸಿ ತಿನ್ನಬಹುದು, ಬೇಗ ತೃಪ್ತಿ ಸಿಗುತ್ತದೆ. ತುಳುವ ಹಲಸಿನ ಸೊಳೆ ನೂಲುನೂಲಾಗಿ ಮೆತ್ತಗಿದ್ದು ಬಾಯಿಗಿಟ್ಟರೆ ಜಾರಿಹೋಗುವುದರಿಂದ ಎಷ್ಟು ತಿಂದೆವೆಂಬುದು ತಿಳಿಯುವುದೇ ಇಲ್ಲ. ಹಾಗೆಂದು ತುಳುವ ಹಲಸನ್ನು ಕೀಳೆನ್ನುವುದು ತರವಲ್ಲ. ಮೇ ತಿಂಗಳ ಬಳಿಕ ಹಳ್ಳಿಯ ಹಿತ್ತಲುಗಳಲ್ಲಿ ಬಿದ್ದು ಕೊಳೆಯುವುದು ಬಹುಪಾಲು ಅದೇ, 'ಗಟ್ಟಿ' ಎಂಬ ಕಡುಬಿಗೂ ಪಾಯಸಕ್ಕೂ ಹಣ್ಣನ್ನು ಕಾಯಿಸಿ ಇಂಗಿಸಿದ ಬೆರಟಿಗೂ ಒದಗುವುದು ಕೂಡ ಅದೇ. ಸೊಳೆಗೆ ಅರ್ಧ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಸೇರಿಸಿ ತಿನ್ನುವುದಕ್ಕೂ ಅರ್ಥವಿದೆ: ಕ್ಯಾರೊಟಿನಾಯ್ಡ್‌ಗಳು ಜಿಡ್ಡಿನೊಂದಿಗೆ ಮಾತ್ರ ಚೆನ್ನಾಗಿ ಹೀರಿಕೆಯಾಗುತ್ತವೆ. ಹಣ್ಣನ್ನು ಹಾಲು, ಸಕ್ಕರೆಗಳೊಂದಿಗೆ ಮಿಕ್ಸಿಗೆ ಹಾಕಿ ಕುಡಿಯುವುದನ್ನು ನಾನು ಸಲಹೆ ಮಾಡುವುದಿಲ್ಲ; ಇದ್ದ ಅಲ್ಪ ನಾರೂ ಪುಡಿಯಾಗಿ, ಅಗಿಯುವ ಶ್ರಮವೂ ತಪ್ಪಿ, ಎರಡು ಹೊತ್ತಿನ ಹಣ್ಣು ಒಂದು ಲೋಟದಲ್ಲಿ ಇಳಿದುಹೋಗುತ್ತದೆ.

ಗಟ್ಟಿ ಮತ್ತು ಮುಳ್ಕದ ಲೆಕ್ಕ ಬೇರೆಯೇ. ಸಾಗುವಾನಿ ಎಲೆ ಅಥವಾ ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಗಟ್ಟಿಯಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲಗಳೆಲ್ಲ ಇರುವುದರಿಂದ ಅದು ಹಣ್ಣಲ್ಲ, ಪೂರ್ತಿ ತಿಂಡಿ. ಗಟ್ಟಿ ತಿಂದು 'ಹಣ್ಣು ತಿಂದೆ' ಎಂದುಕೊಳ್ಳಬಾರದು. ಚೆನ್ನಾಗಿ ಮಾಗಿದ ಹಣ್ಣಾದರೆ ಬೆಲ್ಲವನ್ನು ಪೂರ್ಣವಾಗಿ ಬಿಟ್ಟು, ಒಂದು ಚಿಟಿಕೆ ಉಪ್ಪು ಮತ್ತು ಏಲಕ್ಕಿ ಮಾತ್ರ ಸೇರಿಸಿ ಮಾಡಿದರೂ ಸಿಹಿ ಸಾಲುತ್ತದೆ. ಅಕ್ಕಿಯನ್ನು ತರಿತರಿಯಾಗಿ ರುಬ್ಬಿದರೆ ಗಟ್ಟಿ ಮೃದುವಾಗಿಯೂ ಇರುತ್ತದೆ. ಮುಳ್ಕ ಇದೇ ಹಿಟ್ಟಿನ ಕರಿದ ರೂಪ; ಮಳೆಗಾಲದ ಸಂಜೆ ಎರಡು ತಿಂದರೆ ತಪ್ಪಿಲ್ಲ, ಪೋಷಣೆಯ ಹೆಸರಿನಲ್ಲಿ ತಿನ್ನಬೇಕಾಗಿಲ್ಲ.

ಅತಿಯಾಗಿ ಮಾಗಿದ ಹಣ್ಣಿನ ಬಗ್ಗೆ ಒಂದು ಕುತೂಹಲದ ಸಂಗತಿ. 2025ರ ಜುಲೈಯಲ್ಲಿ ಕೇರಳದ ಪಂದಳಂ ಸಾರಿಗೆ ಡಿಪೋದಲ್ಲಿ, ಮದ್ಯ ಮುಟ್ಟದ ಬಸ್ ಚಾಲಕರು ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಕೊನೆಗೆ ಅವರು ತಿಂದಿದ್ದ ಹಲಸಿನ ಹಣ್ಣೇ ಕಾರಣವೆಂದು ತಿಳಿದುಬಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸಕ್ಕರೆ ತುಂಬಿದ ಸೊಳೆ ಸೆಕೆಯಲ್ಲಿ ಬೇಗ ಹುದುಗುತ್ತದೆ. ಹುಳಿ ವಾಸನೆ ಬಂದ, ನೊರೆಯಾಡುವ ಸೊಳೆಯನ್ನು ಹಸುವಿಗೆ ಹಾಕುವುದಾದರೂ ಅಳತೆಯರಿತು ಹಾಕಬೇಕು, ಮನುಷ್ಯರಂತೂ ತಿನ್ನಬಾರದು.

ಹೆಜ್ಜೆ 6: ಬೀಜವನ್ನು ಎಸೆಯಬೇಡಿ

ಹಲಸಿನಲ್ಲಿ ಅತ್ಯಂತ ಅಸಡ್ಡೆಗೆ ಗುರಿಯಾದ, ಆದರೆ ಪೋಷಣೆಯಲ್ಲಿ ಮುಂದಿರುವ ಭಾಗ ಬೀಜ; ನಮ್ಮಲ್ಲಿ ಬೇಳೆ ಎಂದೂ, ತುಳುವಿನಲ್ಲಿ ಪೆಲತ್ತರಿ ಎಂದೂ, ಕೊಂಕಣಿ ಮನೆಗಳಲ್ಲಿ ಬಿಕ್ಕಂಡ ಎಂದೂ ಕರೆಯುವುದು ಇದನ್ನೇ. ತೂಕಕ್ಕೆ ತೂಕ ಹೋಲಿಸಿದರೆ ಇದರ ಪ್ರೋಟೀನ್ ಬೇಯಿಸಿದ ತೊಗರಿಬೇಳೆಗೆ ಹತ್ತಿರ ಬರುತ್ತದೆ. ಇದರ ಪಿಷ್ಟದ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಉಪಯುಕ್ತ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಮಲಬದ್ಧತೆ ಇರುವವರಿಗೆ ಇದರಿಂದ ಅನುಕೂಲ. ಆ ಜೀವಿಗಳು ಪಿಷ್ಟವನ್ನು ಒಡೆಯುವಾಗ ಅನಿಲ ಉಂಟಾಗುವುದೇ 'ವಾಯು' ಎಂಬ ದೂರಿಗೆ ಕಾರಣ. ಆದ್ದರಿಂದ ಅಭ್ಯಾಸವಿಲ್ಲದವರು ಐದಾರು ಬೀಜಗಳಿಂದ ಆರಂಭಿಸಬೇಕು, ಅಡುಗೆಗೆ ಇಂಗು, ಬೆಳ್ಳುಳ್ಳಿ, ಶುಂಠಿಗಳಲ್ಲಿ ಯಾವುದಾದರೂ ಒಂದನ್ನು ಬಿಡದೆ ಹಾಕಬೇಕು.

ಹಸಿ ಬೀಜವನ್ನು ಎಂದೂ ತಿನ್ನಬಾರದು. ಪ್ರೋಟೀನಿನ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಟ್ರಿಪ್ಸಿನ್ ನಿರೋಧಕಗಳೂ, ಜಕಾಲಿನ್ ಎಂಬ ಲೆಕ್ಟಿನ್ ಜಾತಿಯ ಪ್ರೋಟೀನೂ ಅದರಲ್ಲಿವೆ. ಚೆನ್ನಾಗಿ ಬೇಯಿಸಿದಾಗ ಇವು ನಿಷ್ಕ್ರಿಯವಾಗುತ್ತವೆ. ಬೀಜವನ್ನು ತೊಳೆದು ಒಂದು ದಿನ ನೆರಳಲ್ಲಿ ಆರಿಸಿದರೆ ಮೇಲಿನ ಬಿಳಿ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಕಂದು ಬಣ್ಣದ ಒಳಸಿಪ್ಪೆಯನ್ನು ಪೂರ್ತಿ ಕೆರೆಯುವ ಅಗತ್ಯವಿಲ್ಲ. ನಾರು ಇರುವುದು ಅದರಲ್ಲಿಯೇ. ಜಜ್ಜಿ ಎರಡು ಹೋಳು ಮಾಡಿ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಹೊಡೆಸಿದರೆ ಮಂಗಳೂರು ಸೌತೆಯ ಹುಳಿಗೆ, ಹರಿವೆ ದಂಟಿನ ಸಾಂಬಾರಿಗೆ ಅಥವಾ ಒಣ ಸಿಗಡಿಯ ಸುಕ್ಕಕ್ಕೆ ಸಿದ್ಧ. ಹರಿವೆಯೊಂದಿಗೆ ಬೇಯಿಸುವುದನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ, ಏಕೆಂದರೆ ಬೀಜದಲ್ಲಿ ಇಲ್ಲದುದನ್ನು ಸೊಪ್ಪು ತುಂಬಿಕೊಡುತ್ತದೆ. ಕೆಂಡದಲ್ಲಿ ಸುಟ್ಟ ಬೀಜ ಎಣ್ಣೆಯ ಹಂಗಿಲ್ಲದ ಒಳ್ಳೆಯ ಸಂಜೆ ತಿಂಡಿ. ಸುಡುವ ಮುನ್ನ ಪ್ರತಿ ಬೀಜಕ್ಕೂ ಚೂರಿಯಿಂದ ಒಂದು ಗೀರು ಹಾಕಬೇಕು, ಇಲ್ಲವಾದರೆ ಒಳಗಿನ ಹಬೆಗೆ ಸಿಡಿದು ಮುಖಕ್ಕೆ ಹಾರುತ್ತದೆ. ಬೀಜದಲ್ಲಿ ಪಿಷ್ಟವೂ ಧಾರಾಳವಾಗಿರುವುದರಿಂದ, ಬೀಜದ ಪದಾರ್ಥ ಮಾಡಿದ ದಿನ ಅನ್ನವನ್ನು ತುಸು ಕಡಿಮೆ ಬಡಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 7: ಯಾರು ಎಚ್ಚರ ವಹಿಸಬೇಕು

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರು, ಡಯಾಲಿಸಿಸ್‌ಗೆ ಒಳಗಾಗುವವರು ಹಲಸಿನ ಹಣ್ಣನ್ನು ವೈದ್ಯರ ಒಪ್ಪಿಗೆಯಿಲ್ಲದೆ ತಿನ್ನಬಾರದು. ಆರೋಗ್ಯವಂತರಿಗೆ ಒಳಿತು ಮಾಡುವ ಅದೇ ಪೊಟ್ಯಾಸಿಯಂ, ಮೂತ್ರಪಿಂಡ ಅದನ್ನು ಹೊರಹಾಕದಿದ್ದಾಗ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಕೆಲವು ರಕ್ತದೊತ್ತಡದ ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುತ್ತವೆ. ಅವನ್ನು ಸೇವಿಸುವವರು ಹಲಸಿನ ಕಾಲದಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಇಂಥವರಿಗೆ ಗುಜ್ಜೆಯನ್ನು ಕೊಡುವುದಾದರೆ ಸಣ್ಣ ಹೋಳು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ.

ರಬ್ಬರ್ ಕೈಗವಸು ಹಾಕಿದಾಗ ತುರಿಕೆ, ದದ್ದು ಬರುವವರಲ್ಲಿ ಕೆಲವರಿಗೆ ಹಲಸೂ ಒಗ್ಗುವುದಿಲ್ಲ. ಬಾಯಿ, ತುಟಿಗಳಲ್ಲಿ ತುರಿಕೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಚಿಕ್ಕ ಮಕ್ಕಳಿಗೆ ಬೀಜ ಬೇರ್ಪಡಿಸಿ, ಸೊಳೆಯನ್ನು ಸಣ್ಣಗೆ ಸೀಳಿ ಕೊಡಬೇಕು. ತುಳುವ ಹಲಸಿನ ಜಾರುವ ಸೊಳೆ ಬೀಜಸಹಿತ ಗಂಟಲಿಗೆ ಇಳಿಯುವ ಅಪಾಯ ಹೆಚ್ಚು.

ಮರದಲ್ಲೇ ಹಣ್ಣಾಗಿ ಬಾವಲಿಯೋ ಅಳಿಲೋ ಕಚ್ಚಿದ ಹಲಸಿನ ಕೆಟ್ಟ ಭಾಗ ಕೊಯ್ದು ಉಳಿದುದನ್ನು ತಿನ್ನುವ ಪದ್ಧತಿಯನ್ನು ಈಗ ಬಿಡಬೇಕು. ಹಣ್ಣು ತಿನ್ನುವ ಬಾವಲಿಗಳು ನಿಫಾ ವೈರಾಣುವಿನ ಸಹಜ ಆಶ್ರಯ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡ ಆ ಸೋಂಕು ಆಮೇಲೆಯೂ ಕೇರಳದಲ್ಲಿ ಮರಳಿ ಮರಳಿ ಬಂದಿದೆ, ಮಂಗಳೂರು ಅಲ್ಲಿಂದ ದೂರವಿಲ್ಲ. ಕಚ್ಚಿದ ಗುರುತಿರುವ ಹಣ್ಣನ್ನು ಇಡಿಯಾಗಿ ಹೂಳುವುದು ಸುರಕ್ಷಿತ.

ಹೆಜ್ಜೆ 8: ಮಳೆಗಾಲಕ್ಕೆ ಕಾಪಿಡುವುದು

ಜಡಿಮಳೆ ಹಿಡಿದ ಮೇಲೆ ಮರದಲ್ಲಿ ಉಳಿದ ಹಣ್ಣು ನೀರೇರಿ ಸಪ್ಪೆಯಾಗುತ್ತದೆ, ಹುಳುವೂ ಬೀಳುತ್ತದೆ. ಆದ್ದರಿಂದ ಕಾಪಿಡುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಸಾಂಪ್ರದಾಯಿಕ ಕ್ರಮ ಉಪ್ಪುಸೊಳೆಯದು: ಬಲಿತ ಸೊಳೆಗಳನ್ನು ಭರಣಿಯಲ್ಲಿ ಉಪ್ಪಿನೊಂದಿಗೆ ಪದರ ಪದರವಾಗಿ ತುಂಬಿ, ಮೇಲೆ ಭಾರ ಇಟ್ಟು, ಬಿಟ್ಟ ನೀರಿನಲ್ಲಿ ಸೊಳೆ ಮುಳುಗಿರುವಂತೆ ನೋಡಿಕೊಳ್ಳುವುದು. ಆಟಿಯಲ್ಲಿ ತರಕಾರಿ ಸಿಗದ ಕಾಲಕ್ಕೆ ಇದು ಆಸರೆಯಾಗಿತ್ತು. ಇಂದಿನ ತೊಂದರೆ ಉಪ್ಪಿನದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಸರಿಯಾಗಿ ತೊಳೆಯದ ಉಪ್ಪುಸೊಳೆಯ ಒಂದು ಪಲ್ಯ ಆ ಮಿತಿಯನ್ನು ಒಂದೇ ಊಟದಲ್ಲಿ ತಲುಪಿಸಬಹುದು. ಬೇಕಾದಷ್ಟು ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಮೂರು ಬಾರಿ ನೀರು ಬದಲಿಸಿ, ಹಿಂಡಿ ತೆಗೆದು, ಅಡುಗೆಗೆ ಮತ್ತೆ ಉಪ್ಪು ಹಾಕದೆ ಬಳಸಬೇಕು. ರಕ್ತದೊತ್ತಡ ಇರುವವರಿಗೆ ಹೀಗೆ ಮಾಡಿದರೂ ಅಪರೂಪಕ್ಕೆ ಮಾತ್ರ.

ಉಪ್ಪಿಲ್ಲದೆ ಕಾಪಿಡುವ ದಾರಿ ಒಣಗಿಸುವುದು. ಬಲಿತ ಸೊಳೆಗಳನ್ನು ತೆಳುವಾಗಿ ಸೀಳಿ, ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ ತೆಗೆದು, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಮುರಿದರೆ ಟಪ್ಪೆಂದು ಸದ್ದಾಗುವಷ್ಟು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಇದನ್ನೇ ಪುಡಿ ಮಾಡಿದರೆ ರೊಟ್ಟಿ, ದೋಸೆಗಳಿಗೆ ಸೇರಿಸುವ ಹಲಸಿನ ಹಿಟ್ಟು. ಮೂರು ದೊಡ್ಡ ಚಮಚ ಹಿಟ್ಟು ಸುಮಾರು 30 ಗ್ರಾಂ ತೂಗುತ್ತದೆ. ಜೂನ್ ಹೊತ್ತಿಗೆ ಮಂಗಳೂರು, ಉಡುಪಿ, ಪುತ್ತೂರು ಕಡೆಗಳ ಹಲಸು ಮೇಳಗಳಲ್ಲಿ ಈ ಹಿಟ್ಟು ಸಿದ್ಧವಾಗಿಯೂ ಸಿಗುತ್ತದೆ. ಕೊಳ್ಳುವಾಗ ಅದು ಕಾಯಿಸೊಳೆಯದೋ ಬೀಜದ್ದೋ, ಜೊತೆಗೆ ಬೇರೆ ಧಾನ್ಯದ ಹಿಟ್ಟು ಬೆರೆಸಿದೆಯೋ ಎಂದು ಚೀಟಿ ಓದಿ ಖಚಿತಪಡಿಸಿಕೊಳ್ಳಬೇಕು.

ಬೀಜವನ್ನು ಹಿರಿಯರು ಕೆಂಪು ಮಣ್ಣಿನಲ್ಲಿ ಹೊರಳಿಸಿಯೋ ಮರಳಿನಲ್ಲಿ ಹೂತೋ ಇಡುತ್ತಿದ್ದರು. ಫ್ಲ್ಯಾಟಿನಲ್ಲಿ ಇರುವವರು ಸಿಪ್ಪೆ ತೆಗೆದ ಬೀಜವನ್ನು ಅರೆಬೇಯಿಸಿ, ಆರಿಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಒಂದೊಂದು ಪೊಟ್ಟಣ ಮಾಡಿ ಫ್ರೀಜರಿನಲ್ಲಿ ಇಡಬಹುದು. ಉಪ್ಪುನೀರಿನಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸಿದ ಸಾಂತಾಣಿ ವರ್ಷವಿಡೀ ಉಳಿಯುತ್ತದಾದರೂ ಕಲ್ಲಿನಂತೆ ಗಟ್ಟಿ; ಹಲ್ಲು ಸಡಿಲವಾದವರು ರಾತ್ರಿ ನೆನೆಸಿಟ್ಟು, ಮರುದಿನ ಇನ್ನೊಮ್ಮೆ ಬೇಯಿಸಿ ತಿನ್ನಬೇಕು.